ಉತ್ತರ ಗೋಡೆಯ ಗಾಜು

ಹೆಬ್ಬೆರಳು ತಾಗಿದ್ದೇ ತಡ, ಗಾಜಿನ ಪಟ್ಟಿಯ ಅರ್ಧ ತುಂಡು ಗಾರೆಯ ಸಮೇತ ಕಿತ್ತು ಅವಳ ಅಂಗೈಗೆ ಬಿತ್ತು. ಇನ್ನರ್ಧ ಗೋಡೆಯಲ್ಲೇ ಉಳಿಯಿತು. ಏಣಿಯ ಏಳನೆಯ ಮೆಟ್ಟಿಲ ಮೇಲೆ ನಿಂತಿದ್ದ ಎಂಜಿನಿಯರಮ್ಮ ಒಂದು ಕೈಯಲ್ಲಿ ಏಣಿಯನ್ನು ಬಿಗಿಯಾಗಿ ಹಿಡಿದು, ತುಂಡನ್ನು ಕಿಟಕಿಯ ಬೆಳಕಿಗೆ ಎತ್ತಿದಳು. ಒಡೆದ ಅಂಚು ನೆಟ್ಟಗಿತ್ತು, ಯಾರೋ ಅಳತೆಪಟ್ಟಿ ಇಟ್ಟು ಕೊಯ್ದ ಹಾಗೆ. ಏನಾದರೂ ಬಡಿದರೆ ಗಾಜು ಹೀಗೆ ಒಡೆಯುವುದಿಲ್ಲ. ಎರಡು ತುದಿಯನ್ನೂ ಹಿಡಿದು ಎಳೆದರೆ ಮಾತ್ರ ಹೀಗೆ ಒಡೆಯುತ್ತದೆ. ಇಲ್ಲಿ ಎಳೆದದ್ದು ಗೋಡೆ.

ತುಂಡಿನ ಮೇಲೆ ಕಪ್ಪು ಬಣ್ಣದಲ್ಲಿ ತಾರೀಕು ಬರೆದಿತ್ತು. ಅವಳು ಅದನ್ನು ಎರಡು ಸಲ ಓದಿದಳು. ಐದು ದಿನದ ಹಿಂದಿನ ತಾರೀಕು.

ಕೆಳಗೆ, ವಿಶ್ವವಿದ್ಯಾಲಯದ ಗ್ರಂಥಾಲಯದ ದೊಡ್ಡ ಓದುಕೋಣೆಯಲ್ಲಿ, ಇನ್ನೂರೈವತ್ತು ತಲೆಗಳು ಬಗ್ಗಿದ್ದವು. ಪರೀಕ್ಷೆಯ ಕಾಲ. ಯಾರಿಗೂ ಕತ್ತೆತ್ತಿ ನೋಡುವಷ್ಟು ಪುರುಸೊತ್ತು ಇರಲಿಲ್ಲ. ಏಣಿಯ ಬುಡದಲ್ಲಿ ಕೂತಿದ್ದ ಹುಡುಗಿಯೊಬ್ಬಳು ಮಾತ್ರ ತನ್ನ ಪುಸ್ತಕದ ಮೇಲೆ ಬಿದ್ದ ಗಾರೆಯ ಪುಡಿಯನ್ನು ಉಫ್ ಎಂದು ಊದಿ, ಓದು ಮುಂದುವರಿಸಿದಳು.

ಗೋಡೆ ಬಿರುಕು ಬಿಟ್ಟರೆ ಅದಕ್ಕೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿ ಇಟ್ಟು, ಎರಡು ತುದಿಗೂ ಗಾರೆ ಮೆತ್ತುವುದು ಕಟ್ಟಡದವರ ಹಳೆಯ ಪದ್ಧತಿ. ಬಿರುಕು ಸುಮ್ಮನಿದ್ದರೆ ಗಾಜೂ ಸುಮ್ಮನಿರುತ್ತದೆ. ಬಿರುಕು ಕೂದಲೆಳೆಯಷ್ಟು ಬಾಯಿ ಬಿಟ್ಟರೂ ಗಾಜು ಒಡೆದು ಚಾಡಿ ಹೇಳುತ್ತದೆ. ಹತ್ತು ವರ್ಷದ ಹಿಂದೆ, ಎರಡು ಮಹಡಿಯ ಗ್ರಂಥಾಲಯದ ತಲೆಯ ಮೇಲೆ ಮೂರನೆಯದನ್ನು ಕೂರಿಸಿದಾಗ, ಉತ್ತರ ಗೋಡೆಯಲ್ಲಿ ಬಿರುಕು ಕಂಡಿತ್ತು. ಆಗಿನ ಹಿರಿಯ ಎಂಜಿನಿಯರರು ಜೀವಶಾಸ್ತ್ರದವರಿಂದ ಸೂಕ್ಷ್ಮದರ್ಶಕಕ್ಕೆ ಬಳಸುವ ಗಾಜು ತರಿಸಿ ಹಚ್ಚಿಸಿ, ಅದಕ್ಕೊಂದು ರಿಜಿಸ್ಟರು ತೆರೆದು, ನಿವೃತ್ತರಾಗಿ, ತೀರಿಯೂ ಹೋಗಿದ್ದರು. ರಿಜಿಸ್ಟರು ಉಳಿದಿತ್ತು. ಪ್ರತಿ ತಿಂಗಳ ಒಂದನೇ ತಾರೀಕು ಕಟ್ಟಡ ವಿಭಾಗದವರೊಬ್ಬರು ಹೋಗಿ, ಕೆಳಗಿನಿಂದ ನೋಡಿ, ‘ಗಾಜು ಸರಿ ಇದೆ’ ಎಂದು ಬರೆದು ಬರಬೇಕು. ಕಳೆದ ಮೂರು ವರ್ಷದಿಂದ ಬರೆಯುತ್ತಿದ್ದವಳು ಅವಳೇ. ಮೂವತ್ತಾರು ಸಲ ಬರೆದಿದ್ದಳು. ಅಲ್ಲಿರುವುದು ಹತ್ತು ವರ್ಷದ ಹಿಂದಿನ ಅದೇ ಗಾಜು ಎಂದುಕೊಂಡೇ ಬರೆದಿದ್ದಳು.

ಈ ಶನಿವಾರ ಅವಳು ಬರಬೇಕಾದ ದಿನವೇ ಅಲ್ಲ. ವಾರ್ಷಿಕ ವರದಿಗೆ ಕಟ್ಟಡಗಳ ಯೋಗ್ಯತಾ ಪತ್ರ ಬರೆಯಬೇಕಿತ್ತು. ಒಮ್ಮೆಯಾದರೂ ಏಣಿ ಹತ್ತಿ ನೋಡಿಬಿಡೋಣ ಎನಿಸಿತ್ತು, ಅಷ್ಟೆ.

ಗಾರೆ ಮೇಸ್ತ್ರಿ ಗ್ರಂಥಾಲಯದ ಹಿಂದಿನ ಶೆಡ್ಡಿನಲ್ಲಿ ಸುಣ್ಣ ಕಲಸುತ್ತಿದ್ದ. ಇನ್ನೆರಡು ವರ್ಷಕ್ಕೆ ನಿವೃತ್ತಿ. ಕೈಯ ಚರ್ಮ ಸುಣ್ಣ ತಿಂದು ಬಿಳಚಿಕೊಂಡಿತ್ತು. ಅವಳ ಅಂಗೈಯ ತುಂಡನ್ನು ನೋಡಿ ಅವನಿಗೆ ಗಾಬರಿಯಾಗಲಿಲ್ಲ, ನಾಚಿಕೆಯಾಯಿತು.

“ಸೋಮವಾರ ಹೊಸದು ಹಚ್ತಿದ್ದೆ ಮೇಡಂ. ನೀವು ಎರಡು ದಿನ ಮುಂಚೆನೇ ಹತ್ತಿಬಿಟ್ರಿ.”

ಒಡೆದಾಗೆಲ್ಲ ಹೀಗೆ ಬದಲಾಯಿಸುತ್ತೀರಾ ಎಂದು ಅವಳು ಕೇಳಿದಳು. ಮತ್ತಿನ್ನೇನು ಎನ್ನುವ ಹಾಗೆ ನೋಡಿದ. ಸೋಮವಾರ ಸೋಮವಾರ ಇಡೀ ಕಟ್ಟಡ ಸುತ್ತುತ್ತಾನೆ. ಒಡೆದ ಕಿಟಕಿ ಗಾಜು, ಸೋರುವ ನಲ್ಲಿ, ಕಿತ್ತ ಚಿಲಕ ಎಲ್ಲ ಅವತ್ತೇ ಸರಿಯಾಗಬೇಕು. ಗೋಡೆಯ ಗಾಜಿನ ಮೇಲೆ ತಾರೀಕು ಬರೆಯಬೇಕು ಎಂದು ಆಗಿನ ಎಂಜಿನಿಯರ್ ಸಾಹೇಬರು ಹೇಳಿದ್ದರು, ಬರೆಯುತ್ತಾನೆ. ಅದು ಯಾಕೆ ಅಲ್ಲಿದೆ ಎಂದು ಅವರು ಹೇಳಿರಲಿಲ್ಲ, ಇವನೂ ಕೇಳಿರಲಿಲ್ಲ. ಹತ್ತು ವರ್ಷ ಅವನು ಅಚ್ಚುಕಟ್ಟಾಗಿ ಕೆಲಸ ಮಾಡಿದ್ದ. ಒಂದನೇ ತಾರೀಕು ಬರುವಷ್ಟರಲ್ಲಿ ಗಾಜು ಯಾವಾಗಲೂ ಸರಿಯಾಗಿರುತ್ತಿತ್ತು.

“ಒಡೆದಿದ್ದು ಏನು ಮಾಡ್ತೀರಿ?”

ತೋಟದವನು ಬರಿಗಾಲಲ್ಲಿ ಓಡಾಡುತ್ತಾನೆ, ಗಾಜು ಎಸೆದರೆ ಅವನ ಬಾಯಿಗೆ ಬೀಳಬೇಕು ಎಂದು ಗೊಣಗುತ್ತ ಮೇಸ್ತ್ರಿ ಮೂಲೆಯಿಂದ ಹಳೆಯ ಬಣ್ಣದ ಡಬ್ಬಿಯೊಂದನ್ನು ಎಳೆದು ತಂದ. ಒಳಗೆ ತುಂಡುಗಳು ಗಲಗಲ ಎಂದವು.

ಅವಳು ಖಾಲಿ ಸಿಮೆಂಟು ಚೀಲ ಹಾಸಿ, ಕುಕ್ಕರುಗಾಲಲ್ಲಿ ಕೂತು, ತುಂಡಿಗೆ ತುಂಡು ಹೊಂದಿಸಿ ತಾರೀಕಿನ ಪ್ರಕಾರ ಸಾಲಾಗಿ ಇಟ್ಟಳು. ಕೈಯಲ್ಲಿದ್ದದ್ದೂ ಸೇರಿ ಒಂಬತ್ತು ಗಾಜು. ಒಂದನ್ನು ಹಚ್ಚಿದ ದಿನಕ್ಕೂ ಮುಂದಿನದನ್ನು ಹಚ್ಚಿದ ದಿನಕ್ಕೂ ಎಷ್ಟು ಅಂತರ ಎಂದು ಲೆಕ್ಕ ಹಾಕಿದಳು. ಮೊದಲ ಗಾಜು ನಾಲ್ಕು ವರ್ಷ ಬಾಳಿತ್ತು. ಎರಡನೆಯದು ಎರಡೂವರೆ ವರ್ಷ. ಆಮೇಲೆ ಒಂದೂವರೆ ವರ್ಷ, ಹನ್ನೊಂದು ತಿಂಗಳು, ಆರು ತಿಂಗಳು. ಆಮೇಲೆ ಹತ್ತು ವಾರ. ಐದು ವಾರ. ಮೂರು ವಾರ. ಕಡೆಯದು ಐದು ದಿನವೂ ತುಂಬಿರಲಿಲ್ಲ.

ಅವಳ ಬೆನ್ನ ಹಿಂದೆ ನಿಂತು ನೋಡುತ್ತಿದ್ದ ಮೇಸ್ತ್ರಿ ತಲೆಯಾಡಿಸಿದ.

“ಇತ್ತೀಚೆಗೆ ಬೇಗ ಬೇಗ ಒಡೀತಿವೆ. ಮೊದಲಿನ ಗಾಜು ಗಟ್ಟಿ ಇರ್ತಿತ್ತು. ಈಗೆಲ್ಲ ಕಳಪೆ ಮಾಲು, ಮೇಡಂ.”

ಅವಳು ನಗಲಿಲ್ಲ. ಪ್ರತಿ ವರ್ಷದ ವರದಿಯಲ್ಲೂ ಒಂದು ಸಾಲು ಇರುತ್ತದೆ: ಈ ಸಾಲಿನಲ್ಲಿ ಗ್ರಂಥಾಲಯಕ್ಕೆ ಇಷ್ಟು ಸಾವಿರ ಪುಸ್ತಕ ಸೇರಿವೆ. ಹೆಮ್ಮೆಯ ಸಾಲು ಅದು. ಅವಳಿಗೆ ಈಗ ಅದು ಟನ್ನುಗಳಲ್ಲಿ ಕೇಳಿಸತೊಡಗಿತು. ಮೂರನೆಯ ಮಹಡಿಗೆ ಪುಸ್ತಕ ಏರುತ್ತಲೇ ಇತ್ತು, ಯಾವುದೂ ಇಳಿದಿರಲಿಲ್ಲ.

ಕುಲಸಚಿವರ ಕೋಣೆ ಹೊಸ ಆಡಳಿತ ಕಟ್ಟಡದ ಎರಡನೆಯ ಮಹಡಿಯಲ್ಲಿತ್ತು. ಶನಿವಾರ ಮಧ್ಯಾಹ್ನವೂ ಅವರು ಟೈ ಸಡಿಲಿಸದೆ ಕೂತಿದ್ದರು. ಗದರುವ ಮನುಷ್ಯರಲ್ಲ; ಇಡೀ ವಿಶ್ವವಿದ್ಯಾಲಯದಲ್ಲಿ ಅವರ ದನಿ ಏರಿದ್ದನ್ನು ಕೇಳಿದವರಿಲ್ಲ. ಅವಳು ಹಳೆಯ ಪತ್ರಿಕೆ ಹಾಸಿ ಒಂಬತ್ತು ಗಾಜನ್ನೂ ಅವರ ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದೊಂದರ ಆಯುಸ್ಸನ್ನೂ ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡರು. ಕಡೆಯ ತುಂಡನ್ನು ಎರಡು ಬೆರಳಲ್ಲಿ ಎತ್ತಿ, ಅಷ್ಟೇ ಜೋಪಾನವಾಗಿ ಕೆಳಗಿಟ್ಟರು.

ಎಷ್ಟು ದಿನ ನಿಲ್ಲಬಹುದು ಎಂದು ಕೇಳಿದರು.

“ಹೇಳೋಕಾಗಲ್ಲ ಸರ್. ಐದು ವರ್ಷ ನಿಲ್ಲಬಹುದು. ಐದು ದಿನಾನೂ ಆಗಬಹುದು.”

“ಐದು ವರ್ಷಾನೂ ಆಗಬಹುದು,” ಎಂದರು ಅವರು. ಬೇಕಾದ ತುದಿಯನ್ನು ಮಾತ್ರ ಹಿಡಿದುಕೊಂಡರು.

ಆಮೇಲೆ ಅವಳನ್ನು ಕೂರಿಸಿ, ಚಹಾ ತರಿಸಿ, ಮೇಷ್ಟರು ಪಾಠ ಹೇಳುವ ಹಾಗೆ ನಿಧಾನವಾಗಿ ಬಿಡಿಸಿ ಹೇಳಿದರು. ವಾರ್ಷಿಕ ವರದಿಗೆ ಮೂರು ಭಾಗ: ಸಿಬ್ಬಂದಿ, ಕಟ್ಟಡ, ಹಣಕಾಸು. ಒಂದರ ಕೊರಳಿಗೆ ಇನ್ನೊಂದು ಜೋತುಬಿದ್ದಿದೆ. ಓದುಕೋಣೆಗೆ ಬೀಗ ಹಾಕಿದರೆ ಆಸನಗಳ ಸಂಖ್ಯೆ ಅರ್ಧಕ್ಕಿಳಿಯುತ್ತದೆ. ಆಸನ ಇಳಿದರೆ ಮಾನ್ಯತೆಯ ಮರುಪರಿಶೀಲನೆ. ಅದು ಮುಗಿಯುವ ತನಕ ಅನುದಾನಕ್ಕೆ ತಡೆ. ಅನುದಾನ ನಿಂತರೆ ಮೊದಲು ಮನೆಗೆ ಹೋಗುವವರು ಇನ್ನೂ ಕಾಯಂ ಆಗದ ನೂರ ನಲವತ್ತು ಮಂದಿ. ಆ ಪಟ್ಟಿ ತಮ್ಮ ಖಾನೆಯಲ್ಲಿದೆ ಎಂದರು. ಅದರಲ್ಲಿ ಅವಳೂ ಇದ್ದಾಳೆ ಎಂದು ಹೇಳಲಿಲ್ಲ. ಅವಳಿಗೆ ಗೊತ್ತಿತ್ತು, ಅವಳಿಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು.

“ಕಟ್ಟಡ ಸರಿ ಇದೆ ಅಂದ್ರೇನೇ ದುಡ್ಡು ಬರೋದು. ದುಡ್ಡು ಬಂದ್ರೇನೇ ಕಟ್ಟಡ ಸರಿ ಮಾಡೋದು. ಇದನ್ನ ನಾನು ಮಾಡಿದ್ದಲ್ಲಮ್ಮ.”

ಗೋಡೆಗೆ ಕಬ್ಬಿಣದ ಆಸರೆಗಳನ್ನಾದರೂ ಕೊಡಿಸಿ ಎಂದಳು. ಕೊಡೋಣ, ಅನುದಾನದ ಪರಿಶೀಲನೆಯವರು ಬಂದು ಹೋಗಲಿ ಎಂದರು; ಊರುಗೋಲು ಹಿಡಿದ ಕಟ್ಟಡವನ್ನು ಯಾರು ತಾನೇ ಗಟ್ಟಿ ಎಂದಾರು? ಸುಳ್ಳು ಬರೆಯಲು ನನ್ನಿಂದಾಗದು ಎಂದು ಅವಳು ಹೇಳಿದಾಗ ಅವರಿಗೆ ನಿಜಕ್ಕೂ ನೋವಾದಂತಿತ್ತು.

“ಸುಳ್ಳು ಯಾರು ಬರೀರಿ ಅಂದ್ರು? ಸೋಮವಾರ ಮೇಸ್ತ್ರಿ ಗಾಜು ಹಚ್ತಾನೆ. ಮಂಗಳವಾರ ನೀವು ಹತ್ತಿ ನೋಡಿ. ಕಣ್ಣಿಗೆ ಕಂಡಿದ್ದನ್ನ ಬರೀರಿ. ಅಷ್ಟೇ.”

ಭಾನುವಾರ ಅವಳು ಊಟ ಮಾಡಿದಳು, ಬಟ್ಟೆ ಒಗೆದಳು, ಅಮ್ಮನ ಕಾಲಿಗೆ ಎಣ್ಣೆ ಹಚ್ಚಿದಳು. ಬಾಡಿಗೆ, ಅಮ್ಮನ ಔಷಧಿ ಎಲ್ಲ ಅವಳ ಒಬ್ಬಳ ಸಂಬಳದಲ್ಲೇ ಆಗಬೇಕಿತ್ತು. ಅಮ್ಮ ಏನೋ ಕೇಳಿದ್ದಕ್ಕೆ ಏನೋ ಹೇಳಿದಳು. ಮನೆಯ ಗೋಡೆಗಳನ್ನೂ ನೋಡುವ ಅಭ್ಯಾಸ ಶುರುವಾಗಿತ್ತು. ಸೋಮವಾರ ಮೇಸ್ತ್ರಿ ಗಾಜು ಹಚ್ಚಿದ. ಮಂಗಳವಾರ ಅವಳು ಏಣಿ ಹತ್ತಿದಾಗ ಅದು ಬಾವಿಯ ನೀರಿನಷ್ಟು ತಿಳಿಯಾಗಿ, ಎಲ್ಲೂ ಒಂದು ಗೀರಿಲ್ಲದೆ ಇತ್ತು. ಅದರ ಹಿಂದೆ ಬಿರುಕು ಕಟ್ಟು ಹಾಕಿಸಿದ ಚಿತ್ರದ ಹಾಗೆ ಕಾಣುತ್ತಿತ್ತು.

ಕುಲಸಚಿವರ ಎದುರು ಪತ್ರ ಸಿದ್ಧವಾಗಿತ್ತು. ‘ಪರಿಶೀಲನೆಯ ದಿನ ಗಾಜು ಸರಿ ಇದೆ. ಕಟ್ಟಡ ಬಳಕೆಗೆ ಯೋಗ್ಯ.’ ಅವಳು ಪೆನ್ನು ಹಿಡಿದು ಕೂತಳು. ಅವರು ಅವಸರ ಮಾಡಲಿಲ್ಲ. ಇನ್ನೇನಾದರೂ ಬೇಕಿತ್ತಾ ಎಂದು ಮಾತ್ರ ಕೇಳಿದರು.

ಕಬ್ಬಿಣದ ಆಸರೆಯ ವಿಷಯ ಮತ್ತೆ ಎತ್ತಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಬಾಯಿಂದ ಬಂದದ್ದು ಬೇರೆ.

“ಗ್ರಂಥಾಲಯದ ನೆಲಮಾಳಿಗೆಯಲ್ಲಿ ಬೈಂಡಿಂಗ್ ಮಾಡೋರು ಒಬ್ಬರಿದ್ದಾರೆ ಸರ್. ಅವರನ್ನ ಈ ಕಟ್ಟಡಕ್ಕೆ ಹಾಕೋಕಾಗತ್ತಾ?”

“ನಿಮ್ಮವರಾ?”

“ಅಮ್ಮನ ತಮ್ಮ.”

ಕಾರಣ ಕೇಳುತ್ತಾರೆಂದು ಅವಳು ಕಾದಳು. ಅವರು ಕೇಳಲಿಲ್ಲ. ಗುಮಾಸ್ತನನ್ನೂ ಕರೆಯದೆ, ತಾವೇ ಕೈಯಾರೆ ವರ್ಗಾವಣೆಯ ಆದೇಶ ಬರೆದು, ಮೊಹರು ಒತ್ತಿ, ಶಾಯಿ ಆರಲೆಂದು ಊದಿದರು. ಕೊಡುವ ಮುಂಚೆ ಅಷ್ಟೇ ಮೆತ್ತಗೆ ಇನ್ನೊಂದು ಮಾತು ಕೇಳಿದರು.

“ಇನ್ಯಾರಾದ್ರೂ ಇದ್ದಾರಾ ಅಲ್ಲಿ, ನಿಮ್ಮವರು?”

“ಇಲ್ಲ,” ಎಂದಳು. ಅಂದ ಮೇಲೆ ತಾನು ಏನು ಅಂದೆ ಎಂದು ಗೊತ್ತಾಯಿತು. ಅದನ್ನು ಇನ್ನಷ್ಟು ಯೋಚಿಸುವ ಮುಂಚೆ ಸಹಿ ಹಾಕಿಬಿಟ್ಟಳು.

ನೆಲಮಾಳಿಗೆಗೆ ಹದಿನಾಲ್ಕು ಮೆಟ್ಟಿಲು. ಬೈಂಡಿಂಗ್ ಕೋಣೆ ಉತ್ತರದ ಕೊನೆಯಲ್ಲಿ, ಓದುಕೋಣೆಯ ಆ ಗೋಡೆಯ ಸರಿಯಾಗಿ ಬುಡದಲ್ಲಿತ್ತು. ಬುಧವಾರ ಅವಳು ಹೋದಾಗ ಬಾಗಿಲು ಅರ್ಧ ತೆರೆದು ಅಲ್ಲೇ ಕಚ್ಚಿಕೊಂಡಿತ್ತು. ಅವಳು ಭುಜ ಕೊಟ್ಟು ನೂಕಿ ಒಳಗೆ ಬಂದಳು.

ಮಾವ ತಲೆ ಎತ್ತದೆಯೇ ನಕ್ಕ. “ಈ ವರ್ಷ ಎರಡು ಸಲ ಅಂಚು ಹೆರೆಸಿದೀನಿ. ಆದ್ರೂ ಸಿಕ್ಕಾಕೊಳ್ಳತ್ತೆ. ಬಾಗಿಲಿಗೂ ನನ್ನ ಹಾಗೆ ಬೊಜ್ಜು ಬರ್ತಿದೆ, ಮರಿ.”

ಅವಳ ಅಪ್ಪ ಹೋದಾಗ ಅವಳಿಗೆ ಆರು ವರ್ಷ. ಅಕ್ಕನನ್ನೂ ಮಗುವನ್ನೂ ಮನೆಗೆ ಕರೆತಂದವನು ಇದೇ ಮಾವ. ಪ್ರಬಂಧಗಳ ಅಂಚು ಕತ್ತರಿಸಿದಾಗ ಉಳಿಯುವ ಕಾಗದವನ್ನು ಹೊಲಿದು ಅವಳಿಗೆ ನೋಟುಬುಕ್ಕು ಮಾಡಿಕೊಡುತ್ತಿದ್ದ. ಉದ್ದುದ್ದ, ಕಿರಿದಾದ ಪುಸ್ತಕಗಳು. ಒಂದು ಸಾಲಿಗೆ ನಾಲ್ಕೇ ಪದ ಹಿಡಿಸುತ್ತಿದ್ದವು. ಶಾಲೆಯಲ್ಲಿ ಎಲ್ಲರೂ ನಗುತ್ತಿದ್ದರು. ಅವಳು ಎಂಜಿನಿಯರಿಂಗ್ ಮುಗಿಸಿ ಇಲ್ಲೇ ಕೆಲಸಕ್ಕೆ ಬಂದ ದಿನ ಮಾವ ಕೆಳಗಿನಿಂದ ಮೇಲಿನ ತನಕ ಪ್ರತಿ ಕೋಣೆಗೂ ಹೋಗಿ, ನಮ್ಮ ಹುಡುಗಿ ಇನ್ನು ಮುಂದೆ ಈ ಕಟ್ಟಡ ನೋಡ್ಕೋತಾಳೆ ಎಂದು ಹೇಳಿ ಬಂದಿದ್ದ.

ಈಗ ಮೇಜಿನ ಮೇಲೆ ವಾರ್ಷಿಕ ವರದಿಯ ನಲವತ್ತು ಪ್ರತಿಗಳಿದ್ದವು. ಮೂವತ್ತು ಹೊಲಿದಾಗಿತ್ತು, ಹತ್ತು ಬಾಕಿ. ನಾಳೆ ಬೆಳಿಗ್ಗೆ ಕಾರು ಬಂದು ಒಯ್ಯುತ್ತದೆ. ಮಾವನ ಪೆನ್ಸಿಲು ಮೇಜಿನ ಮೇಲೆ ತಾನಾಗಿಯೇ ಉರುಳಿ ಗೋಡೆಯ ಕಡೆ ಹೊರಟಿತು. ಅವನು ನೋಡದೆಯೇ ಕೈ ಚಾಚಿ ಅದನ್ನು ತಡೆದು, ಮೇಲೊಂದು ಕಬ್ಬಿಣದ ತುಂಡು ಹೇರಿದ. ಬಹಳ ದಿನದಿಂದ ಮಾಡುತ್ತಿರುವ ಕೆಲಸದ ಹಾಗೆ.

ಅವಳು ಆದೇಶವನ್ನು ಮುಂದಿಟ್ಟಳು. ಸೋಮವಾರದಿಂದ ಹೊಸ ಕಟ್ಟಡ, ಒಳ್ಳೆ ಗಾಳಿ ಬೆಳಕು, ಮೆಟ್ಟಿಲಿಳಿಯುವ ಗೋಳಿಲ್ಲ, ಮಂಡಿ ನೋವಿಗೂ ಆರಾಮ ಎಂದು ಒಂದೇ ಉಸಿರಲ್ಲಿ ಒಪ್ಪಿಸಿದಳು. ಮಾವ ಕನ್ನಡಕ ಹಾಕಿಕೊಂಡು ಓದಿದ. ಮೊದಲು ತಮಾಷೆ ಮಾಡಿದ. ಕತ್ತರಿಸುವ ಯಂತ್ರ ಮುನ್ನೂರು ಕಿಲೋ ಇದೆ, ಅದನ್ನು ನೀನು ಹೊರುತ್ತೀಯಾ? ಅಲ್ಲಿ ಸಾಹೇಬರ ಪಕ್ಕದಲ್ಲಿ ಕೂತರೆ ಬೀಡಿ ಸೇದುವುದೆಲ್ಲಿ? ಅಂಟಿನ ವಾಸನೆಗೆ ಅವರೆಲ್ಲ ಮೂಗು ಮುರಿಯುತ್ತಾರೆ. ಅವಳು ಎಲ್ಲದಕ್ಕೂ ಉತ್ತರ ಕೊಟ್ಟಳು. ಯಂತ್ರ ಸಾಗಿಸುವ ಜನ ಗೊತ್ತು ಮಾಡಿದ್ದೇನೆ, ಹಿಂದೆ ವರಾಂಡ ಇದೆ, ಕೋಣೆಗೆ ಎರಡು ಕಿಟಕಿ. ಅವಳು ಇಷ್ಟೊಂದು ತಯಾರಾಗಿ ಬಂದದ್ದನ್ನು ಕಂಡೇ ಇರಬೇಕು, ಮಾವನ ನಗು ನಿಧಾನವಾಗಿ ನಿಂತಿತು.

“ನಾನು ಕೇಳಿರಲಿಲ್ಲ. ಯಾರು ಕೇಳಿದ್ದು?”

“ನಾನೇ.”

“ಯಾವತ್ತು?”

“ನಿನ್ನೆ.”

ಮಾವ ಸೂಜಿಯನ್ನು ದಾರದುಂಡೆಗೆ ಚುಚ್ಚಿಟ್ಟ. ಹೊಲಿದಿಟ್ಟ ಪ್ರತಿಗಳಲ್ಲಿ ಮೇಲಿನದನ್ನು ಎಳೆದುಕೊಂಡ. ಈ ವಿಶ್ವವಿದ್ಯಾಲಯದ ಪ್ರಬಂಧಗಳನ್ನೆಲ್ಲ ಓದಿದವನು ತಾನೊಬ್ಬನೇ, ಬರೆದವರೂ ಪೂರ್ತಿ ಓದಿರುವುದಿಲ್ಲ ಎಂದು ಅವನು ಆಗಾಗ ಜಂಬ ಕೊಚ್ಚುತ್ತಿದ್ದ. ಹೊಲಿಯುವ ಮುಂಚೆ ಪುಟ ಹಿಂದುಮುಂದಾಗಿದೆಯೇ ನೋಡುವ ನೆಪದಲ್ಲಿ ಎಲ್ಲವನ್ನೂ ಓದುತ್ತಿದ್ದ. ಹುಡುಕುವ ಗೋಜಿಲ್ಲದೆ ಕೈ ನೇರವಾಗಿ ನೂರ ಹನ್ನೆರಡನೆಯ ಪುಟಕ್ಕೆ ಹೋಯಿತು. ಅದು ಅವಳ ಯೋಗ್ಯತಾ ಪತ್ರ. ಅವಳ ಸಹಿಯ ಕೆಳಗೆ ನಿನ್ನೆಯ ತಾರೀಕು.

ತಲೆಯ ಮೇಲೆ ಯಾರೋ ಕುರ್ಚಿ ಎಳೆದರು. ಚಾವಣಿಯಿಂದ ಸಣ್ಣಗೆ ಧೂಳು ಇಳಿದು ಪುಟದ ಮೇಲೆ ಕೂತಿತು. ಮಾವ ಅದನ್ನು ಅಂಗೈಯಿಂದ ಒರೆಸಿದ.

“ಬೆಳಿಗ್ಗೆಯಿಂದ ಮೂವತ್ತು ಸಲ ಓದಿದೀನಿ ಇದನ್ನ. ನಮ್ಮ ಹುಡುಗಿ ಬರೆದದ್ದು ಅಂತ.” ಕನ್ನಡಕ ತೆಗೆದು ಅವಳನ್ನೇ ನೋಡಿದ. “ಇದರಲ್ಲಿ ಇರೋದು ನಿಜ ತಾನೇ?”

ಅಲ್ಲ ಎಂದುಬಿಡಬಹುದಿತ್ತು. ಎರಡೇ ಅಕ್ಷರ. ಆದರೆ ಅವಳಿಗೆ ಮಾವ ಗೊತ್ತಿದ್ದ. ಅಲ್ಲ ಎಂದರೆ ಅವನು ಈ ಕಾಗದ ಹಿಡಿದು ಸುಮ್ಮನೆ ಹೊಸ ಕಟ್ಟಡಕ್ಕೆ ಹೋಗುವ ಪೈಕಿ ಅಲ್ಲ. ಮೊದಲು ಮೂವತ್ತು ಪ್ರತಿಯ ಹೊಲಿಗೆಯನ್ನೂ ಬಿಚ್ಚುತ್ತಾನೆ. ಆಮೇಲೆ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ, ಓದುಕೋಣೆಯ ನಡುವೆ ನಿಂತು, ಇನ್ನೂರೈವತ್ತು ಮಕ್ಕಳನ್ನೂ ಕೂಗಿ ಎಬ್ಬಿಸುತ್ತಾನೆ. ಅಲ್ಲಿಗೆ ವರದಿ ಹೋಯಿತು, ಅನುದಾನ ಹೋಯಿತು, ನೂರ ನಲವತ್ತು ಮಂದಿಯ ಕೆಲಸ ಹೋಯಿತು. ಅವಳ ಸಂಬಳವೂ. ಸುಳ್ಳು ಸಹಿ ಹಾಕಿದ ಹುಡುಗಿ ಎಂಬ ಹೆಸರೊಂದೇ ಉಳಿಯುವುದು. ಐದು ವರ್ಷವೂ ನಿಲ್ಲಬಹುದು ಎಂಬ ಮಾತನ್ನು ಅವಳು ನಾಲಿಗೆಯ ತುದಿಯಲ್ಲಿ ಒಂದು ಸಲ ಹೊರಳಿಸಿ ನೋಡಿದಳು.

“ನಿಜ,” ಎಂದಳು.

“ಗೋಡೆ ಗಟ್ಟಿ ಇದೆ.”

“ಹೂಂ.”

“ಮೇಲೆ ಓದ್ತಿರೋ ಮಕ್ಕಳಿಗೆ ಏನೂ ಆಗಲ್ಲ.”

ಅವಳು ತಲೆಯಾಡಿಸಿದಳು. ಮಾವನಿಗೆ ಗೊತ್ತಾಗಿದೆಯೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಆ ಮುಖವನ್ನು ಓದುವ ಧೈರ್ಯವೂ ಇರಲಿಲ್ಲ. ಅವನು ವರ್ಗಾವಣೆಯ ಆದೇಶವನ್ನು ಎತ್ತಿಕೊಂಡು, ಇದ್ದ ಮಡಿಕೆಯ ಮೇಲೇ ಮಡಿಸಿ, ಕಾಗದ ಮಡಿಸುವ ಮೂಳೆಯ ಪಟ್ಟಿಯಿಂದ ಅಂಚನ್ನು ನಯವಾಗಿ ತೀಡಿ, ಅವಳ ಕಡೆ ಸರಿಸಿದ.

“ಹಂಗಿದ್ರೆ ಇದು ನನಗ್ಯಾಕೆ?”

“ಮಾವ, ದಮ್ಮಯ್ಯ ಅಂತೀನಿ. ಒಂದು ವರ್ಷದ ಮಟ್ಟಿಗೆ. ಆಸರೆ ಕೊಡೋ ತನಕ…”

ಹೇಳಬಾರದ ಮಾತು ಹೊರಬಿದ್ದಿತ್ತು. ಅವಳು ತುಟಿ ಕಚ್ಚಿಕೊಂಡಳು. ಮಾವ ಯಾವ ಆಸರೆ ಎಂದು ಕೇಳಲಿಲ್ಲ. ಉಳಿದ ಹತ್ತು ಪ್ರತಿಗಳಲ್ಲಿ ಒಂದನ್ನು ಮುಂದಕ್ಕೆ ಎಳೆದುಕೊಂಡು, ಸೂಜಿಯ ಕಣ್ಣಿಗೆ ದಾರ ಪೋಣಿಸಿದ.

“ನಾನು ಬರಲ್ಲ,” ಎಂದ.